ಅಧ್ಯಕ್ಷ ಪದವಿಗೆ ಹೆಸರು ಸೂಚಿಸುವವರು ಯಾರು?

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷರ ಚುನಾವಣೆಯನ್ನು ಪಾಠ ಹೇಳುವಾಗ ಮತದಾನದ ದಿನದಿಂದಲೇ ಆರಂಭಿಸುವುದು ನಮ್ಮಲ್ಲಿ ವಾಡಿಕೆ. ಆದರೆ ಆ ದಿನ ಮತದಾರನ ಮುಂದೆ ನಿಲ್ಲುವ ಪ್ರಮುಖ ಉಮೇದುವಾರರಿಬ್ಬರನ್ನು ಮೊದಲೇ ಆರಿಸಿಟ್ಟವರು ಯಾರು? ನೂರಾರು ಮಂದಿಯಲ್ಲಿ ಇಬ್ಬರನ್ನು ಉಳಿಸಿ ಮಿಕ್ಕವರನ್ನು ಬಿಡುವ ಅಧಿಕಾರ ಕೊನೆಯ ಮತಕ್ಕಿಂತ ಕಿರಿದಾದುದೇನಲ್ಲ. 1787ರಲ್ಲಿ ರಚಿತವಾದ ಆ ದೇಶದ ಸಂವಿಧಾನವು ಈ ವಿಷಯದಲ್ಲಿ ಮೌನವಾಗಿದೆ. ಜಾರ್ಜ್ ವಾಷಿಂಗ್ಟನ್ನರು ಎರಡು ಸಲವೂ ಸರ್ವಾನುಮತದಿಂದ ಆಯ್ಕೆಯಾದುದರಿಂದ ಮೊದಮೊದಲು ಈ ಪ್ರಶ್ನೆಯೇ ಹುಟ್ಟಲಿಲ್ಲ.

ಅವರು ನಿವೃತ್ತರಾದ ಮೇಲೆ ಪಕ್ಷಗಳು ಬಲಿತವು. ಆಗ ಕಾಂಗ್ರೆಸ್ಸಿನ, ಎಂದರೆ ಆ ದೇಶದ ಶಾಸನಸಭೆಯ, ಸದಸ್ಯರೇ ಪಕ್ಷವಾರು ಕೂಡಿ ತಮ್ಮ ಉಮೇದುವಾರನನ್ನು ಗೊತ್ತುಮಾಡತೊಡಗಿದರು. ಇಂತಹ ಕೂಟಕ್ಕೆ ‘ಕಾಕಸ್’ ಎಂದು ಹೆಸರು. ವಿರೋಧಿಗಳು ಅದನ್ನು ‘ಕಾಕಸ್ ದೊರೆ’ ಎಂದು ಹಂಗಿಸಿದರು; ದೊರೆತನವನ್ನು ಕಿತ್ತೊಗೆದ ನಾಡಿನಲ್ಲಿ ಇದು ಸಣ್ಣ ಬೈಗುಳವಲ್ಲ. 1824ರಲ್ಲಿ ಈ ದೊರೆಯ ಆಳ್ವಿಕೆ ಮುಗಿಯಿತು. ಇನ್ನೂರಕ್ಕೂ ಮಿಕ್ಕ ಸದಸ್ಯರಲ್ಲಿ ಆ ವರ್ಷದ ಕೂಟಕ್ಕೆ ಬಂದವರು 66 ಮಂದಿ ಮಾತ್ರ. ಅವರು ವಿಲಿಯಂ ಕ್ರಾಫರ್ಡರನ್ನು ಸೂಚಿಸಿದರು. ಬೇರೆ ಮೂವರು ಕೂಟವನ್ನು ಲೆಕ್ಕಿಸದೆ ಸ್ಪರ್ಧೆಗೆ ನಿಂತರು. ಯಾರಿಗೂ ಬಹುಮತ ದೊರೆಯದೆ ಆಯ್ಕೆಯು ಪ್ರತಿನಿಧಿಸಭೆಗೆ ಹೋಯಿತು. ಸಭೆಯು ಎಲ್ಲರಿಗಿಂತ ಹೆಚ್ಚು ಮತ ಪಡೆದಿದ್ದ ಆಂಡ್ರ್ಯೂ ಜಾಕ್ಸನ್ನರನ್ನು ಬಿಟ್ಟು ಜಾನ್ ಕ್ವಿನ್ಸಿ ಆಡಮ್ಸರನ್ನು ಆರಿಸಿತು.

ಬಳಿಕ ಬಂದುದು ಪಕ್ಷದ ಮಹಾಧಿವೇಶನ. 1831ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಒಂದು ಸಣ್ಣ ಪಕ್ಷ ಇದಕ್ಕೆ ಮೇಲ್ಪಂಕ್ತಿ ಹಾಕಿತು. ದೊಡ್ಡ ಪಕ್ಷಗಳು ಅನುಸರಿಸಿದವು. ಸಂಸ್ಥಾನ ಸಂಸ್ಥಾನಗಳಿಂದ ಪ್ರತಿನಿಧಿಗಳು ಬಂದು ಮತ ಹಾಕುವರು. 1860ರಲ್ಲಿ ಷಿಕಾಗೋ ಅಧಿವೇಶನದ ಮೊದಲ ಸುತ್ತಿನಲ್ಲಿ ಹಿಂದೆ ಬಿದ್ದಿದ್ದ ಅಬ್ರಹಾಂ ಲಿಂಕನ್ನರು ಮೂರನೆಯ ಸುತ್ತಿನಲ್ಲಿ ಗೆದ್ದರೆಂಬುದನ್ನು ನೆನೆದರೆ ಈ ಪದ್ಧತಿಯನ್ನು ಪೂರ್ತಿಯಾಗಿ ಹಳಿಯಲು ಮನಸ್ಸು ಬಾರದು. ಆದರೆ ಡೆಮೊಕ್ರಾಟಿಕ್ ಪಕ್ಷದಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕೆಂಬ ನಿಯಮ 1936ರವರೆಗೂ ಇದ್ದಿತು. ಅದರ ಫಲವಾಗಿ 1924ರಲ್ಲಿ ನ್ಯೂಯಾರ್ಕಿನ ಅಧಿವೇಶನ 103 ಸುತ್ತು ಮತದಾನ ನಡೆಸಬೇಕಾಯಿತು! ಕೊನೆಗೆ ಬೇಸತ್ತು ಆರಿಸಿದ ಜಾನ್ ಡೇವಿಸರು ಚುನಾವಣೆಯಲ್ಲಿ ಸೋತರು. ಸಭಾಂಗಣದಲ್ಲಿ ಘೋಷಣೆ, ಒಳಕೋಣೆಯಲ್ಲಿ ಮುಖಂಡರ ವ್ಯವಹಾರ: ಇದು ಆ ಕಾಲದ ರೀತಿ.

ಇದನ್ನು ಮುರಿಯಲೆಂದು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ‘ಪ್ರೈಮರಿ’ ಹುಟ್ಟಿತು. ನಮ್ಮ ಪ್ರೈಮರಿ ಶಾಲೆಗೂ ಇದಕ್ಕೂ ಸಂಬಂಧವಿಲ್ಲ. ಪಕ್ಷದ ಉಮೇದುವಾರ ಯಾರೆಂದು ಸಾಮಾನ್ಯ ಮತದಾರರೇ ಹೇಳುವ ಪೂರ್ವಭಾವಿ ಚುನಾವಣೆಯಿದು. ಆದರೆ ಹೇಳಿದ್ದನ್ನು ಕೇಳುವವರು ಬೇಕಲ್ಲ! 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟರು ಪ್ರೈಮರಿಗಳಲ್ಲಿ ಹೆಚ್ಚಿನವನ್ನು ಗೆದ್ದರೂ ರಿಪಬ್ಲಿಕನ್ ಅಧಿವೇಶನ ಟಾಫ್ಟರನ್ನೇ ಆರಿಸಿತು. 1968ರಲ್ಲಿ ವಿಯೆಟ್ನಾಂ ಯುದ್ಧದ ವಿರೋಧಿಗಳು ಪ್ರೈಮರಿಗಳಲ್ಲಿ ಮತ ಗಳಿಸಿದರು. ಅವರಲ್ಲಿ ಒಬ್ಬರಾದ ರಾಬರ್ಟ್ ಕೆನೆಡಿಯವರು ಜೂನ್ ತಿಂಗಳಲ್ಲಿ ಕೊಲೆಯಾದರು. ಆಗಸ್ಟಿನಲ್ಲಿ ಷಿಕಾಗೋ ಬೀದಿಗಳಲ್ಲಿ ಪೊಲೀಸರ ಲಾಠಿ ಬೀಳುತ್ತಿದ್ದಾಗ, ಒಂದು ಪ್ರೈಮರಿಯಲ್ಲೂ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಯವರಿಗೆ ಅಧಿವೇಶನ ಪಕ್ಷದ ಉಮೇದುವಾರಿಕೆ ಕೊಟ್ಟಿತು. ಅವರು ನಿಕ್ಸನ್ನರಿಗೆ ಸೋತರು. ಮರುವರ್ಷ ನೇಮಕವಾದ ಸಮಿತಿಯ ಸುಧಾರಣೆಗಳಿಂದ 1972ರಿಂದ ಪ್ರೈಮರಿಯ ತೀರ್ಪೇ ಪ್ರಧಾನವಾಯಿತು, ರಿಪಬ್ಲಿಕನ್ನರಲ್ಲಿಯೂ.

ಒಳಕೋಣೆಯ ಮುಖಂಡರು ಹೋದರು. ಅವರ ಜಾಗಕ್ಕೆ ತಿಂಗಳುಗಟ್ಟಲೆ ಪ್ರಚಾರ, ಅದಕ್ಕೆ ಬೇಕಾದ ಅಪಾರ ಹಣ ಬಂದವು. ಅಧಿವೇಶನವು ಬಹುಮಟ್ಟಿಗೆ ಉತ್ಸವವಾಗಿ ಉಳಿಯಿತು. ಆದರೂ 2024ರಲ್ಲಿ ಪ್ರೈಮರಿಗಳನ್ನು ಗೆದ್ದಿದ್ದ ಜೋ ಬೈಡನ್ನರು ಜುಲೈ 21ರಂದು ಹಿಂದೆ ಸರಿದಾಗ, ಆ ವರ್ಷದ ಯಾವ ಪ್ರೈಮರಿಯಲ್ಲೂ ನಿಲ್ಲದಿದ್ದ ಕಮಲಾ ಹ್ಯಾರಿಸರನ್ನು ಪಕ್ಷದ ಪ್ರತಿನಿಧಿಗಳೇ ಆಗಸ್ಟಿನಲ್ಲಿ ಆರಿಸಿದರು.