ಹೊಸತೊಡಕೂ ಬೆಸ್ಟ್ ಊರಿನ ಕೆರೆ ಮೀನೂ

ಯುಗಾದಿ ಹತ್ತಿರವಾದಂತೆ ನಮ್ಮಲ್ಲಿ ಕೆಲವರು ಕೇಳುವುದುಂಟು: ಹೊಸತೊಡಕಿನ ಅಡುಗೆಗೆ ಇಲ್ಲಿಯ ಕೆರೆಯ ಮೀನನ್ನೇ ಹಿಡಿದು ತಂದರೆ ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಊರಿನ ಚರಿತ್ರೆಗೇ ಹೋಗಬೇಕಾಯಿತು.

ಬೆಸ್ಟ್ ಪಕ್ಕದ ಹೆದ್ದಾರಿ ಕೂಡುರಸ್ತೆಗೆ ಎಕ್ಕರ್ಸ್‌ವೈಯರ್ ಎಂದು ಹೆಸರು. ಬ್ರಬಾಂಟಿನ ಆಡುಮಾತಿನಲ್ಲಿ 'ವೈಯರ್' ಎಂದರೆ ಮೀನಿನ ಕೊಳ. ಲ್ಯಾಟಿನ್ನಿನ 'ವಿವಾರಿಯಂ' ಸವೆದು ಹೀಗಾಗಿದೆ. ಬ್ರಬಾಂಟ್ ಹಿಂದಿನಿಂದಲೂ ಕ್ಯಾಥೊಲಿಕರ ಸೀಮೆ. ಈಸ್ಟರಿಗೆ ಮುಂಚಿನ 40 ದಿನಗಳ ವ್ರತದಲ್ಲಿ ಮಾಂಸ ವರ್ಜ್ಯ, ಮೀನಿಗೆ ಅಡ್ಡಿಯಿಲ್ಲ. (ನಮ್ಮ ಚಾತುರ್ಮಾಸದ ಪಥ್ಯದಲ್ಲಿ ಇಂಥ ಸಡಿಲಿಕೆ ಕಾಣೆವು!) ಸಮುದ್ರ ದೂರವಿದ್ದ ಈ ಒಳನಾಡಿನಲ್ಲಿ ಚಳಿ ಮುಗಿಯುವ ಹೊತ್ತಿಗೆ ಕೊಳದ ಮೀನಿಗೆ ಬೇಡಿಕೆ ಇದ್ದದ್ದು ಸಹಜ.

ಈಗ ಬೆಸ್ಟಿನವರು ಗಾಳ ಹಿಡಿದು ಕೂರುವ ನೀರು ಹೆಚ್ಚಾಗಿ ಮನುಷ್ಯ ತೋಡಿದ್ದು. ವಿಲ್ಹೆಲ್ಮಿನಾ ಕಾಲುವೆ 1923ರಲ್ಲಿ ತೆರೆಯಿತು. ಆಕ್ವಾಬೆಸ್ಟ್ ಕೆರೆ ಮರಳು ತೆಗೆದ ಗುಂಡಿ. ಮಾರ್ಚಿನಲ್ಲಿ ಆಳದ ನೀರು ಇನ್ನೂ ಕೊರೆಯುತ್ತಿರುತ್ತದೆ, ಬಿಸಿಲು ಬೀಳುವ ದಡದ ತೆಳುನೀರು ಮೊದಲು ಬೆಚ್ಚಗಾಗುತ್ತದೆ. ಇಲ್ಲಿಯವರು 'ಸ್ನೂಕ್' ಎನ್ನುವ ಉದ್ದ ಮೂತಿಯ ಬೇಟೆಮೀನು ಮೊಟ್ಟೆಯಿಡಲು ಹುಡುಕುವುದು ಇಂಥ ಜೊಂಡಿನ ಬುಡವನ್ನೇ. ಹಿಡಿಯಲು ಅದಕ್ಕಿಂತ ಸುಲಭದ ಕಾಲವಿಲ್ಲ. ಕಾನೂನು ಅಡ್ಡ ಬರುವುದೂ ಆಗಲೇ: ಮಾರ್ಚ್ 1ರಿಂದ ಸ್ನೂಕ್, ಏಪ್ರಿಲ್ 1ರಿಂದ 'ಬಾರ್ಸ್', 'ಸ್ನೂಕ್‌ಬಾರ್ಸ್' ಮೀನುಗಳು ಗಾಳಕ್ಕೆ ಸಿಕ್ಕರೂ ನೀರಿಗೆ ಬಿಡಬೇಕು. ನಿರ್ಬಂಧ ತೆರವಾಗುವುದು ಮೇ ತಿಂಗಳ ಕೊನೆಯ ಶನಿವಾರ. ಯುಗಾದಿ ಅಷ್ಟರಲ್ಲಿ ಮುಗಿದಿರುತ್ತದೆ.

ಮಲೆನಾಡಿನಿಂದ ಬಂದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಮುಂಗಾರಿನ ಮೊದಲ ಮಳೆಗೆ ಮೊಟ್ಟೆ ಹೊತ್ತ ಮೀನು ಹೊಳೆಯಿಂದ ಹಳ್ಳ, ಗದ್ದೆಗಳಿಗೆ ಹತ್ತಿ ಬರುತ್ತದೆ. ಈ ಹತ್ತುಮೀನಿಗಾಗಿ ಕೂಣಿ, ಕತ್ತಿ, ದೀಪ ಹಿಡಿದು ರಾತ್ರಿಯೆಲ್ಲ ಕಾಯುವುದೇ ಸಂಭ್ರಮ. ಆ ಸಂಭ್ರಮವನ್ನು ನಾವು ಹಳಿಯುವುದಿಲ್ಲ, ಉಂಡವರು ನಾವೂ ಹೌದು. ಆದರೆ ಮೀನು ಮುಟ್ಟಬಾರದೆಂಬ ಕಟ್ಟಳೆಯೂ ನಮ್ಮಲ್ಲೇ ಇದೆ: ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲಾ ಹೊಳೆಯಲ್ಲಿ ಅವು ದೇವರ ಮೀನು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಇಲ್ಲಿ ದೇವರ ಕೆಲಸವನ್ನು ಸರ್ಕಾರ ಮಾಡುತ್ತಿದೆ.

ಮೇ ಕಳೆದ ಮೇಲೂ ಆತುರ ಬೇಡ. 'ವಿಸ್‌ಪಾಸ್' ಎಂಬ ಪರವಾನಗಿ ಕೈಯಲ್ಲಿರಬೇಕು. ಎಷ್ಟೋ ಕೆರೆಗಳಲ್ಲಿ ಹಿಡಿದ ಮೀನನ್ನು ಮನೆಗೆ ಒಯ್ಯಲು ಅಲ್ಲಿಯ ಮೀನುಗಾರ ಸಂಘ ಬಿಡುವುದಿಲ್ಲ. ಹಾವುಮೀನಂತೂ 2009ರಿಂದ ಹವ್ಯಾಸಿಗಳಿಗೆ ನಿಷಿದ್ಧ. ದೊಡ್ಡ ನದಿಗಳಲ್ಲಿ ಅದರ ಮೈಯಲ್ಲಿ ಡಯಾಕ್ಸಿನ್ ವಿಷ ಸೇರಿದ್ದರಿಂದ 2011ರಲ್ಲಿ ಅಲ್ಲಿಯ ಕಸುಬಿನ ಮೀನುಗಾರರೂ ಬಲೆ ಎತ್ತಿಡಬೇಕಾಯಿತು.