ಹರಿಹರದ ಫ್ಯಾಕ್ಸು - ರೋಲ್ ಕಾಗದದಿಂದ ಸರ್ವರ್‌ವರೆಗೆ

ಫ್ಯಾಕ್ಸ್ ಅಂದರೆ ಈಗಿನ ಹುಡುಗರಿಗೆ ವಿಸಿಟಿಂಗ್ ಕಾರ್ಡಿನ ಮೂಲೆಯಲ್ಲಿ ಉಳಿದುಕೊಂಡಿರುವ ಒಂದು ನಂಬರು, ಅಷ್ಟೇ. ಆದರೆ ಒಂದು ಕಾಲಕ್ಕೆ ನಮ್ಮ ದಾವಣಗೆರೆ-ಹರಿಹರದ ಕಡೆ ಎಷ್ಟೋ ಅಂಗಡಿ, ವರ್ಕ್‌ಶಾಪುಗಳು ಆ ನಂಬರನ್ನೇ ನೆಚ್ಚಿಕೊಂಡು ಬದುಕಿದ್ದವು. ಹರಿಹರದ ಒಂದು ಸಣ್ಣ ಮಷಿನ್ ಶಾಪಿನಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದ ನಾನು ಈ ಯಂತ್ರದ ಬಾಲ್ಯ, ಪ್ರಾಯ, ಮುಪ್ಪು ಮೂರನ್ನೂ ಕಂಡವನು. ಅದು ಹೇಗೆ ಬಂತು, ಹೇಗೆ ಕಂಪ್ಯೂಟರಿನ ಹೊಟ್ಟೆ ಸೇರಿತು, ಅದರಲ್ಲಿ ನಮಗೆ ಸಿಕ್ಕಿದ್ದೇನು, ಕೈಬಿಟ್ಟು ಹೋದದ್ದೇನು ಅಂತ ಬರೆದಿಡೋಣ ಅನ್ನಿಸಿತು.

ಮೊದಲು ಊರಿನ ವಿಷಯ. ದಾವಣಗೆರೆಗೆ ಹತ್ತಿ ಗಿರಣಿ, ದಲಾಲಿ ಅಂಗಡಿಗಳ ಹೆಸರಾದರೆ, ಹರಿಹರದ್ದು ಕಬ್ಬಿಣದ ಕಸುಬು. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಲೇತ್ ಮಷಿನ್ ತಯಾರಿಸುವ ಆ ಕಾರ್ಖಾನೆಯಿಂದಲೇ ಯಂತ್ರಾಪುರ ಅನ್ನೋ ಹೆಸರು ಬಂತು. ಹೊಳೆ ದಾಟಿದರೆ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್. ಇವುಗಳ ಸುತ್ತ ಟರ್ನಿಂಗ್, ಗ್ರೈಂಡಿಂಗ್, ಎರಕದ ಕೆಲಸ ಮಾಡುವ ಸಣ್ಣ ಸಣ್ಣ ಶೆಡ್ಡುಗಳು ಹುಟ್ಟಿಕೊಂಡವು. ನಮ್ಮದೂ ಅಂಥದ್ದೇ ಒಂದು. ಆರ್ಡರ್ ಬರುವುದು ಪುಣೆಯಿಂದಲೋ ಕೊಯಮತ್ತೂರಿನಿಂದಲೋ. ಮಾಲು ಹೋಗುವುದು ಲಾರಿಯಲ್ಲಿ. ಆದರೆ ಮಾತು ಹೋಗುವುದು ಹೇಗೆ?

ತುರ್ತು ಇದ್ದರೆ ಟೆಲಿಗ್ರಾಂ. ದೊಡ್ಡ ಕಂಪನಿಗಳಿಗೆ ಟೆಲೆಕ್ಸ್. ನಮ್ಮ ಕೈಗೆ ಬರುತ್ತಿದ್ದ ಟೆಲಿಗ್ರಾಂ, ಟೆಲೆಕ್ಸ್ ಎಲ್ಲ ಇಂಗ್ಲಿಷ್ ಅಕ್ಷರದವೇ. ಅದರಲ್ಲಿ ನಕ್ಷೆ ಕಳಿಸಲಾಗದು, ಸಹಿ ಕಳಿಸಲಾಗದು, ಕನ್ನಡದ ಒಂದು ಸಾಲು ಕೂಡಾ ಕಳಿಸಲಾಗದು. ಒಂದು ಡ್ರಾಯಿಂಗ್ ಬೇಕಾದರೆ ಕೊರಿಯರ್ ಬರುವ ತನಕ ಲೇತ್ ಮುಂದೆ ಕೈಕಟ್ಟಿ ಕೂರಬೇಕಿತ್ತು.

ಫ್ಯಾಕ್ಸ್ ಹೊಸ ಕಾಲದ ಯಂತ್ರ ಅಂತ ನಾವು ಅಂದುಕೊಂಡಿದ್ದೆವು. ನಿಜ ನೋಡಿದರೆ ಅದು ಟೆಲಿಫೋನಿಗಿಂತಲೂ ಹಳೇದು! ಸ್ಕಾಟ್ಲೆಂಡಿನ ಗಡಿಯಾರ ಕೆಲಸಗಾರ ಅಲೆಕ್ಸಾಂಡರ್ ಬೇನ್ 1843ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. 1865ರಲ್ಲಿ ಇಟಲಿಯ ಕಸೆಲ್ಲಿ ಎಂಬುವನ ಯಂತ್ರ ಪ್ಯಾರಿಸ್-ಲಿಯಾನ್ ನಡುವೆ ಕೈಬರಹ ಸಾಗಿಸುತ್ತಿತ್ತು. ಆದರೆ ಅದು ಎಲ್ಲರ ಮೇಜಿಗೆ ಬಂದದ್ದು 1980ರಲ್ಲಿ 'ಗ್ರೂಪ್ 3' ಎಂಬ ಅಂತರರಾಷ್ಟ್ರೀಯ ನಿಯಮ ಆದ ಮೇಲೆ. ಅಲ್ಲಿಯವರೆಗೆ ಒಂದು ಪುಟಕ್ಕೆ ಮೂರೋ ಆರೋ ನಿಮಿಷ ಹಿಡಿಯುತ್ತಿದ್ದದ್ದು ಒಂದು ನಿಮಿಷದ ಆಸುಪಾಸಿಗೆ ಇಳಿಯಿತು. ಇದನ್ನು ಎಲ್ಲರಿಗಿಂತ ಹೆಚ್ಚು ಅಪ್ಪಿಕೊಂಡವರು ಜಪಾನಿನವರು. ಅವರ ಸಾವಿರಾರು ಅಕ್ಷರಗಳಿಗೆ ಟೆಲೆಕ್ಸ್ ಕೀಲಿಮಣೆ ಸಾಲದು, ಫ್ಯಾಕ್ಸಿಗೋ ಅಕ್ಷರದ ಹಂಗೇ ಇಲ್ಲ. ಅದು ಪುಟವನ್ನು ಓದುವುದಿಲ್ಲ, ನೋಡುತ್ತದೆ ಅಷ್ಟೇ. ಹೀಗಾಗಿ ನಮ್ಮ ಕನ್ನಡವೂ ಅದರಲ್ಲಿ ನಿರಾಯಾಸವಾಗಿ ಹೋಯಿತು. ಸಾಹುಕಾರರು ತಮ್ಮ ಕೈಯಾರೆ ಕನ್ನಡದಲ್ಲಿ ಬರೆದದ್ದು ಇದ್ದ ಹಾಗೇ ನಿಮಿಷದಲ್ಲಿ ಹುಬ್ಬಳ್ಳಿ ಸೇರುವುದು ಅಂದರೆ ನಮಗೆ ಆಗ ಸಣ್ಣ ಸಂಗತಿಯಾಗಿರಲಿಲ್ಲ.

ಅದು ನೋಡುವ ರೀತಿಯೂ ಸ್ವಾರಸ್ಯದ್ದು. ಪುಟದ ಅಗಲವನ್ನು 1728 ಚುಕ್ಕಿ ಮಾಡಿಕೊಂಡು, ಸಾಲಿನಿಂದ ಸಾಲಿಗೆ 'ಇಷ್ಟು ಬಿಳಿ, ಇಷ್ಟು ಕಪ್ಪು' ಅಂತ ಎಣಿಸಿ ಹೇಳುತ್ತದೆ. ಖಾಲಿ ಜಾಗ ಹೆಚ್ಚಿದ್ದರೆ ಬೇಗ ಮುಗಿಯುತ್ತದೆ. ಜಾಳು ಜಾಳು ಚುಕ್ಕಿಯ ಚಿತ್ರ ಬಂತೋ, ಅಲ್ಲೇ ತಿಣುಕುತ್ತದೆ. ನಮ್ಮ ವ್ಯಾಪಾರಿಗಳ ಲೆಟರ್‌ಹೆಡ್ ನೀವು ನೋಡಿದ್ದೀರಲ್ಲ? ಮೇಲುಗಡೆ ಮನೆದೇವರ ಚಿತ್ರ ಇರಲೇಬೇಕು. ಫ್ಯಾಕ್ಸು ದೇವರ ದರ್ಶನ ಮಾಡಿಕೊಂಡು ಕೆಳಗಿಳಿಯುವಷ್ಟರಲ್ಲಿ ಮೀಟರ್ ಓಡಿರುತ್ತಿತ್ತು :) ಆಮೇಲೆ ನಾವು ಫ್ಯಾಕ್ಸಿಗೆ ಅಂತಲೇ ಚಿತ್ರವಿಲ್ಲದ, ಬರೀ 'ಶ್ರೀ' ಇರುವ ಪ್ರತ್ಯೇಕ ಹಾಳೆ ಇಟ್ಟುಕೊಂಡೆವು.

ಸ್ವಂತ ಯಂತ್ರ ಇಲ್ಲದವರಿಗೆ ಎಸ್‌ಟಿಡಿ ಬೂತ್ ಇತ್ತು. ಅಲ್ಲಿ ಫ್ಯಾಕ್ಸ್ ಕಳಿಸಿದ ಮೇಲೆ ಮತ್ತೆ ಫೋನ್ ಮಾಡಿ "ಎಲ್ಲಾ ಬಂತೇನ್ರೀ? ಕೆಳಗಿನ ಸಾಲು ಕಾಣ್ತದೇನ್ರೀ?" ಅಂತ ಕೇಳುವುದೂ ವ್ಯವಹಾರದ ಭಾಗವೇ. ಕೊನೆಗೆ ಯಂತ್ರದಿಂದ ಒಂದು ಸಣ್ಣ ರಿಪೋರ್ಟ್ ಹೊರಬರುತ್ತಿತ್ತು. ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ಪುಟ, 'ಓಕೆ'. ಆ ಚೀಟಿಯನ್ನು ನಮ್ಮ ಸಾಹುಕಾರರು ಬಿಲ್ಲಿನಷ್ಟೇ ಜೋಪಾನ ಮಾಡುತ್ತಿದ್ದರು.

ಅದಕ್ಕೆ ಕಾರಣ ಇತ್ತು. ವ್ಯಾಪಾರದಲ್ಲಿ ಮಾತು 'ಮುಟ್ಟಿತು' ಅನ್ನುವುದಕ್ಕೆ ಬೆಲೆ ಜಾಸ್ತಿ. 1959ರಲ್ಲಿ ಅಹಮದಾಬಾದಿನ ವ್ಯಾಪಾರಿಗೂ ಖಾಮಗಾಂವ್‌ನ ಗಿರಣಿಗೂ ಹತ್ತಿಕಾಳು ಹಿಂಡಿಯ ವಿಷಯದಲ್ಲಿ ಟ್ರಂಕ್ ಕಾಲಿನಲ್ಲಿ ಒಪ್ಪಂದವಾಗಿ, ಮಾಲು ಬರದೆ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1965ರಲ್ಲಿ ತೀರ್ಪು ಬಂತು. ಕಾಗದ-ಟೆಲಿಗ್ರಾಂ ಆದರೆ ಒಪ್ಪಿಗೆಯನ್ನು ರವಾನೆ ಮಾಡಿದಲ್ಲೇ ಕರಾರು ಆಗುತ್ತದೆ, ಫೋನಿನಲ್ಲಿ ಆದರೆ ಒಪ್ಪಿಗೆ ಕೇಳಿಸಿದ ಊರಿನಲ್ಲಿ ಆಗುತ್ತದೆ ಅಂತ. ಹಿಂಡಿ ವ್ಯಾಪಾರ ನಮ್ಮ ದಾವಣಗೆರೆಗೂ ಹೊಸದಲ್ಲವಲ್ಲ, ಇಲ್ಲಿಯವರಿಗೂ ಇದು ಅನ್ವಯಿಸುವ ಮಾತೇ. ಫ್ಯಾಕ್ಸಿನಲ್ಲಿ ಎರಡು ಯಂತ್ರ ನೇರಾನೇರ ಮಾತಾಡಿ, ಪುಟ ಪುಟಕ್ಕೂ 'ಬಂತು' ಅಂತ ಆ ಕಡೆಯಿಂದ ಹೂಂಗುಟ್ಟಿದರೇನೇ 'ಓಕೆ'.

ಇಷ್ಟೆಲ್ಲಾ ಇದ್ದ ಯಂತ್ರಕ್ಕೆ ಒಂದು ಶಾಪ ಇತ್ತು. ಥರ್ಮಲ್ ಕಾಗದ! ಅದಕ್ಕೆ ಇಂಕು ಇಲ್ಲ, ಶಾಖಕ್ಕೆ ಕಪ್ಪಾಗುವ ಲೇಪನ ಅಷ್ಟೇ. ಬಿಸಿಲು, ಸೆಕೆ ತಗುಲಿದರೆ ಅಕ್ಷರ ಮೆಲ್ಲಗೆ ಮಾಯ. ಹೊರರಾಜ್ಯದ ಒಂದು ಕಂಪನಿಯಿಂದ ನಮಗೆ ಹಣ ಬರಬೇಕಿತ್ತು. ಅವರು "ನಾವು ಇಷ್ಟು ಆರ್ಡರ್ ಕೊಟ್ಟೇ ಇಲ್ಲ" ಅಂದರು. ಕಪಾಟಿನಿಂದ ಫೈಲು ತೆಗೆದರೆ ಹಳದಿ ತಿರುಗಿದ ಹಾಳೆಯ ಮೇಲೆ ನಾವು ಪೆನ್ನಿನಲ್ಲಿ ಹಾಕಿದ್ದ ಟಿಕ್ ಗುರುತು ಮಾತ್ರ ಇದೆ, ಆರ್ಡರ್ ಇಲ್ಲ. ಎಂಟು ಜನ ಕೆಲಸ ಮಾಡುವ ಶೆಡ್ಡಿಗೆ ಅದು ಎರಡು ತಿಂಗಳ ಸಂಬಳದ ಮಾತು. ಕೊನೆಗೆ ಅರ್ಧಕ್ಕೆ ರಾಜಿ ಆಯಿತು. ಆವತ್ತಿನಿಂದ ಫ್ಯಾಕ್ಸ್ ಬಂದ ಕೂಡಲೇ ಜೆರಾಕ್ಸ್ ಮಾಡಿಸುವುದು ನಿಯಮವಾಯಿತು.

ಫ್ಯಾಕ್ಸ್ ಸರ್ವರ್ ನಮಗೆ ಇಷ್ಟವಾದದ್ದು ಈ ನೋವಿನಿಂದಲೇ ಹೊರತು ತಂತ್ರಜ್ಞಾನದ ಮೋಹದಿಂದ ಅಲ್ಲ. ಇಂಟರ್ನೆಟ್ಟಿನಿಂದ ಫ್ಯಾಕ್ಸ್ ಕಳಿಸುವ ಪ್ರಯೋಗವನ್ನು ಕಾರ್ಲ್ ಮಲಾಮುಡ್, ಮಾರ್ಷಲ್ ರೋಸ್ ಅನ್ನುವವರು 1993ರಲ್ಲೇ ಮಾಡಿದ್ದರು. 1998ರಲ್ಲಿ ಎರಡು ನಿಯಮಗಳು ಬಂದವು. ಟಿ.37 ಅಂದರೆ ಫ್ಯಾಕ್ಸನ್ನು ಇಮೇಲ್ ಮಾಡಿ ಕಳಿಸುವುದು, ಟಿ.38 ಅಂದರೆ ಇಂಟರ್ನೆಟ್ ಮೇಲೆಯೇ ಎರಡು ಯಂತ್ರ ಕೂಡಲೇ ಮಾತಾಡುವುದು. ನಮ್ಮ ದೇಶದಲ್ಲಿ ಮಾತ್ರ ಒಂದು ತೊಡಕಿತ್ತು. 2002ರ ಏಪ್ರಿಲ್‌ನಲ್ಲಿ ಇಂಟರ್ನೆಟ್ ಫೋನಿಗೆ ಒಪ್ಪಿಗೆ ಸಿಕ್ಕರೂ, ದೇಶದೊಳಗಿನ ಸಾಮಾನ್ಯ ಟೆಲಿಫೋನಿಗೆ ಇಂಟರ್ನೆಟ್ಟಿನಿಂದ ಕರೆ ಇಳಿಸುವಂತಿರಲಿಲ್ಲ. ಹಾಗಾಗಿ ನಮ್ಮಂಥವರು ಮಧ್ಯದ ದಾರಿ ಹಿಡಿದರು. ಫೋನ್ ಲೈನು ಹಾಗೇ ಇರಲಿ, ಅದರ ತುದಿಗೆ ಯಂತ್ರದ ಬದಲು ಕಂಪ್ಯೂಟರ್ ಇರಲಿ ಅಂತ.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಶುರುವಾಯಿತು. ಅದು ನಮ್ಮ ಶೆಡ್ಡಿಗೆ ಬಂದ ಮೇಲೆ ಒಂದು ಹಳೇ ಕಂಪ್ಯೂಟರಿಗೆ ಫ್ಯಾಕ್ಸ್ ಮೋಡೆಮ್ ಹಾಕಿಸಿ, ಲಿನಕ್ಸ್ ಮೇಲೆ ಹೈಲಾಫ್ಯಾಕ್ಸ್ ಅನ್ನುವ ಉಚಿತ ತಂತ್ರಾಂಶ ಕೂರಿಸಿದೆವು. ಬಂದ ಫ್ಯಾಕ್ಸು ಚಿತ್ರವಾಗಿ ಡಿಸ್ಕಿನಲ್ಲಿ ಕೂತು, ಅದರ ಪ್ರತಿ ಇಮೇಲಿಗೆ ಹೋಗುತ್ತಿತ್ತು. ಕಳಿಸಬೇಕಾದದ್ದನ್ನು ಸರದಿಯಲ್ಲಿಟ್ಟರೆ ರಾತ್ರಿ ದರ ಇಳಿದ ಮೇಲೆ ತಾನೇ ಡಯಲ್ ಮಾಡಿ ಕಳಿಸುತ್ತಿತ್ತು, ಎಂಗೇಜ್ ಇದ್ದರೆ ಮತ್ತೆ ಪ್ರಯತ್ನಿಸುತ್ತಿತ್ತು. (2006ರಲ್ಲಿ ನಿಮಿಷಕ್ಕೆ ಒಂದು ರೂಪಾಯಿಯ 'ಒನ್ ಇಂಡಿಯಾ' ಬಂದ ಮೇಲೆ ರಾತ್ರಿ ಕಾಯುವ ಲಾಭ ಅಷ್ಟೇನೂ ಉಳಿಯಲಿಲ್ಲ ಬಿಡಿ.) ಮುಖ್ಯವಾದದ್ದು, ಕಾಗದ ಮಾಸುವ ಭಯ ಹೋಯಿತು. ಮೂರು ವರ್ಷದ ಹಿಂದಿನ ಡ್ರಾಯಿಂಗ್ ಕೂಡಾ ತಾರೀಖು ಹಾಕಿದರೆ ಸಿಗುತ್ತಿತ್ತು.

ನೀವು ಕೇಳಬಹುದು, ಇಷ್ಟೆಲ್ಲಾ ಮಾಡುವ ಬದಲು ನೇರ ಇಮೇಲ್ ಮಾಡಿದರೆ ಆಗುತ್ತಿರಲಿಲ್ಲವೇ ಅಂತ. ಆಗುತ್ತಿರಲಿಲ್ಲ. ಒಂದು, ಸಹಿ-ಮೊಹರು ಇಲ್ಲದ ಆರ್ಡರನ್ನು ಯಾರೂ ಆರ್ಡರ್ ಅನ್ನುತ್ತಿರಲಿಲ್ಲ. ಐಟಿ ಕಾಯಿದೆ 2000ದ ಅಕ್ಟೋಬರ್‌ನಲ್ಲೇ ಜಾರಿಗೆ ಬಂದಿತ್ತು, ನಂಬಿಕೆ ಜಾರಿಗೆ ಬಂದಿರಲಿಲ್ಲ. ಎರಡು, ಕನ್ನಡ. ಬರಹ 1998ರಲ್ಲಿ ಬಂತು, ನುಡಿ 2001ರಲ್ಲಿ. ಯೂನಿಕೋಡ್ ರೂಢಿಗೆ ಬರುವ ತನಕ ಒಬ್ಬರ ಫಾಂಟು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಪತ್ರ ಬರೀ ಗೋಜಲು ಚಿಹ್ನೆಗಳಾಗಿ ಕಾಣುತ್ತಿತ್ತು. ಫ್ಯಾಕ್ಸ್ ಸರ್ವರ್ ಸಾಗಿಸುತ್ತಿದ್ದದ್ದು ಪುಟದ ಚಿತ್ರವನ್ನು. ಒಳಗಿನ ದಾರಿ ಬದಲಾದರೂ ಕೈಬರಹ ಅದೇ, ಸಹಿ ಅದೇ.

ಬದಲಾದದ್ದು ಒಂದೇ, ಆ 'ಓಕೆ' ಚೀಟಿಯ ಅರ್ಥ. ಮೊದಲು ಅದು ಆ ಕಡೆಯ ಮೇಜಿನ ಮೇಲೆ ಕಾಗದ ಬಿತ್ತು ಅಂತ ಹೇಳುತ್ತಿತ್ತು. ಎರಡೂ ಕಡೆ ಸರ್ವರ್ ಬಂದ ಮೇಲೆ ಒಂದು ಕಂಪ್ಯೂಟರ್ ಇನ್ನೊಂದಕ್ಕೆ ಕೊಟ್ಟಿತು ಅಂತ ಮಾತ್ರ. ಮನುಷ್ಯನ ಕೈಗೆ ಮುಟ್ಟಿತೋ, ಯಾವುದೋ ಇನ್‌ಬಾಕ್ಸಿನಲ್ಲಿ ಮಲಗಿತೋ ಯಂತ್ರಕ್ಕೆ ತಿಳಿಯದು. ಕಾಗದದ ಯಂತ್ರದ ಕಾಲದಲ್ಲೂ ಈ ಕಷ್ಟ ಇರಲಿಲ್ಲ ಅಂತಲ್ಲ. 2018ರ ನವೆಂಬರ್‌ನಲ್ಲಿ ಮೆಹಬೂಬಾ ಮುಫ್ತಿಯವರು ಸರ್ಕಾರ ರಚನೆಗೆ ಹಕ್ಕು ಮಂಡಿಸಿ ಕಳಿಸಿದ ಫ್ಯಾಕ್ಸು ಜಮ್ಮುವಿನ ರಾಜಭವನಕ್ಕೆ ಹೋಗಲೇ ಇಲ್ಲ. ಈದ್ ರಜೆ, ಫ್ಯಾಕ್ಸ್ ನೋಡಿಕೊಳ್ಳುವವರು ಇರಲಿಲ್ಲ ಅಂತ ರಾಜ್ಯಪಾಲರು ಹೇಳಿದ್ದು ನಿಮಗೂ ನೆನಪಿರಬಹುದು.

ಮುಂದಿನ ಕಥೆ ಚಿಕ್ಕದು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತಿತು. ಫ್ಯಾಕ್ಸನ್ನು ಯಾರೂ ಹಾಗೆ ನಿಲ್ಲಿಸಲಿಲ್ಲ, ಅದು ತಾನಾಗಿಯೇ ಸುಮ್ಮನಾಯಿತು. ಮೊಬೈಲಿನಲ್ಲಿ ಚೀಟಿಯ ಫೋಟೋ ಹೊಡೆದು ವಾಟ್ಸಾಪ್ ಮಾಡುವುದು ಬಂತು. ಅದೂ ಪುಟದ ಚಿತ್ರವೇ ತಾನೆ! ಜೊತೆಗೆ ನೀಲಿ ಗೆರೆ ಬಂದು 'ನೋಡಿದರು' ಅಂತಲೂ ಹೇಳುತ್ತದೆ. ಕಳೆದುಹೋಗಿದ್ದ 'ಓಕೆ' ಹೀಗೆ ವಾಪಸು ಬಂತು ಅನ್ನಿ.

ಆದರೆ ಮಾಸುವ ಕಾಗದದ ಶಾಪವೂ ವಾಪಸು ಬಂದಿದೆ. ಫೋನ್ ಕಳೆದರೆ, ಹೊಸದು ಕೊಂಡರೆ ಆರ್ಡರೂ ಹೋಯಿತು. ಸರ್ವರ್ ಇದ್ದಾಗ ಎಲ್ಲ ಒಂದು ಕಡೆ ಇರುತ್ತಿತ್ತು, ಈಗ ಮೂರು ಜನರ ಮೂರು ಮೊಬೈಲಿನಲ್ಲಿ ಚೂರು ಚೂರು. ಸಣ್ಣ ವ್ಯಾಪಾರಿಗೆ ಬೇಕಾದದ್ದು ಯಾವತ್ತೂ ಮೂರೇ. ಅವರ ಕೈಬರಹ-ಸಹಿ ಇರಬೇಕು, ಮುಟ್ಟಿದ್ದಕ್ಕೆ ಗುರುತಿರಬೇಕು, ಹತ್ತು ವರ್ಷದ ಮೇಲೂ ಓದಲು ಬರಬೇಕು. ಮೊದಲ ಯಂತ್ರ ಮೂರನೆಯದನ್ನು ಕೊಡಲಿಲ್ಲ, ಸರ್ವರ್ ಎರಡನೆಯದನ್ನು ಸಡಿಲ ಮಾಡಿತು, ಮೊಬೈಲು ಮತ್ತೆ ಮೂರನೆಯದಕ್ಕೇ ಕೈ ಎತ್ತುತ್ತಿದೆ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಹಳೇ ಫ್ಯಾಕ್ಸ್ ರೋಲಿನ ಕಾಗದ ಇದ್ದರೆ ಇವತ್ತೇ ಸ್ಕ್ಯಾನ್ ಮಾಡಿಸಿಡಿ. ಹಾಗಂತ ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ, ಆ ಶಾಖಕ್ಕೆ ಇಡೀ ಹಾಳೆ ಕಪ್ಪಾಗುತ್ತದೆ. ವಾಟ್ಸಾಪಿನಲ್ಲಿ ಬಂದ ಆರ್ಡರನ್ನೂ ವಾರಕ್ಕೊಮ್ಮೆಯಾದರೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಯಂತ್ರ ಯಾವುದಾದರೂ ಇರಲಿ, ಬರವಣಿಗೆ ಉಳಿದರೆ ಬಾಕಿ ವಸೂಲಾಗುತ್ತದೆ.