ಪಾಲುಪಟ್ಟಿಯಿಂದ ಉಯಿಲಿಗೆ: ಕಡೂರು ಸೀಮೆಯ ಒಕ್ಕಲು ಮನೆಗಳ ಆಸ್ತಿ ಹಂಚಿಕೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಒಕ್ಕಲು ಮನೆಗಳಲ್ಲಿ ಜಮೀನು ತಂದೆಯಿಂದ ಮಕ್ಕಳಿಗೆ ಇಳಿದದ್ದು ಬಹುಮಟ್ಟಿಗೆ ಪಾಲುಪಟ್ಟಿಯಿಂದ. ಊರ ಹಿರಿಯರು ಜಗಲಿಯಲ್ಲಿ ಕೂತು ಹೊಲ, ತೋಟ, ಮನೆ, ದನಕರು, ಕೊನೆಗೆ ಸಾಲವನ್ನೂ ಭಾಗ ಮಾಡಿ ಬರೆಸುತ್ತಿದ್ದರು. ಮರಣಶಾಸನ ಎಂಬ ಉಯಿಲಿಗೆ ಅಲ್ಲಿ ಹೆಚ್ಚು ಜಾಗವಿರಲಿಲ್ಲ. ಸುಮಾರು 900 ವರ್ಷಗಳ ಹಿಂದೆ ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತನ್ನೊಬ್ಬನದಲ್ಲದ ಆಸ್ತಿಯನ್ನು ತಂದೆ ಹೇಗೆ ಬರೆದಿಟ್ಟಾನು? ಸ್ವಯಾರ್ಜಿತಕ್ಕೆ ಮಾತ್ರ ಈ ಅಡ್ಡಿ ಇರಲಿಲ್ಲ.

ಈ ಊರುಗಳು ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಯಲ್ಲಿದ್ದಾಗ, 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಪಾಲಿನ ವೇಳೆ ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದಷ್ಟು ಭಾಗ ಕೊಟ್ಟಿತು. ಮದುವೆಯಾದ ಮಗಳಿಗೆ ಅರಿಶಿನ-ಕುಂಕುಮದ ಹೆಸರಲ್ಲಿ ಸಿಕ್ಕಿದ್ದಷ್ಟೇ. ದೊಡ್ಡ ತಿರುವು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದರ 30ನೇ ಕಲಮು, ಒಟ್ಟು ಕುಟುಂಬದಲ್ಲಿ ಇನ್ನೂ ಬೇರೆಯಾಗದ ತನ್ನ ಪಾಲನ್ನೂ ಉಯಿಲಿನಿಂದ ಕೊಡಬಹುದೆಂದಿತು.

ಉಯಿಲು ಬರೆಸುವಾಗ ಸರ್ವೆ ನಂಬರು, ಎಕರೆ-ಗುಂಟೆ, ಚಕ್ಕುಬಂದಿ ಬರೆಸುವುದು ಸುಲಭ. ಕಷ್ಟವಿರುವುದು ಸಮ ಮಾಡುವುದರಲ್ಲಿ. ಕಡೂರಿನ ಮಳೆಯಾಶ್ರಿತ ರಾಗಿ ಹೊಲವನ್ನು ಸರಪಳಿ ಹಿಡಿದು ಅಳೆದು ತುಂಡು ಮಾಡಬಹುದು. ತರೀಕೆರೆ ಕಡೆಯ ಅಡಿಕೆ ತೋಟ, ಅಜ್ಜಂಪುರದ ತೆಂಗಿನ ತೋಟ ಹಾಗಲ್ಲ. ಫಲಕ್ಕೆ ಬಂದ 20 ಗುಂಟೆಗೂ ಸಸಿ ನೆಟ್ಟ 20 ಗುಂಟೆಗೂ ಬೆಲೆಯಲ್ಲಿ ಅಜಗಜಾಂತರ. ಕೊಳವೆಬಾವಿ ಒಂದೇ ಇದ್ದರೆ ಅದು ಯಾರ ಪಾಲಿನ ನೆಲದಲ್ಲಿ ಬೀಳುತ್ತದೆ, ಉಳಿದವರಿಗೆ ವಾರದಲ್ಲಿ ಎಷ್ಟು ಸರದಿ ನೀರು, ಕರೆಂಟ್ ಬಿಲ್ ಯಾರು ಕಟ್ಟಬೇಕು ಎಂಬುದನ್ನೂ ಬರೆಯಬೇಕಾಗುತ್ತದೆ. ಹಿಂದಿನ ಹೊಲಕ್ಕೆ ಬಂಡಿದಾರಿ ಬಿಡಿಸುವುದನ್ನು ಮರೆತ ಉಯಿಲು ಎಷ್ಟೇ ನ್ಯಾಯವಾಗಿದ್ದರೂ ಜಗಳಕ್ಕೆ ಮೂಲ. ತಾಯಿಗೆ ಜೀವನಾಂಶವಾಗಿ ಒಂದು ತುಂಡು ನೆಲ ಅಥವಾ ವರ್ಷಕ್ಕಿಷ್ಟು ಕಾಳು ಗೊತ್ತುಮಾಡುವುದೂ ಉಂಟು. ಆಸ್ತಿ ಕೈಗೆ ಬಂದ ಮಕ್ಕಳು ಮುದುಕರನ್ನು ನೋಡಿಕೊಳ್ಳುತ್ತಾರೆಂಬ ಭರವಸೆ ಕಾಗದಕ್ಕೂ ಇಲ್ಲ.

ಉಯಿಲಿಗೆ ಕಾನೂನು ಕೇಳುವುದು ಬರೆಸಿದವನ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಇಬ್ಬರು ಸಾಕ್ಷಿಗಳು. ಸ್ಥಿರಾಸ್ತಿಯ ವಿಭಾಗಪತ್ರಕ್ಕೆ ನೋಂದಣಿ ಬೇಕೇ ಬೇಕು. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಛಾಪಾ ಶುಲ್ಕವೂ ಇಲ್ಲ. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ನಿಲ್ಲುತ್ತದೆ. ಹೆಚ್ಚು ಲಾಭ ಪಡೆಯುವವನೇ ಮುಂದೆ ನಿಂತು ಬರೆಸಿದ್ದರೆ ಅನುಮಾನ ಪರಿಹರಿಸುವ ಹೊಣೆಯೂ ಉಯಿಲನ್ನು ಮುಂದಿಟ್ಟವನದೇ ಎಂದು ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿತು. ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಎಂಬ ಆ ಪ್ರಕರಣ ಹೋದದ್ದು ಮೈಸೂರು ರಾಜ್ಯದಿಂದಲೇ. ಗೇಣಿ ಹಕ್ಕಿನ ನೆಲಕ್ಕೆ ಇನ್ನೊಂದು ಕಟ್ಟು: ಅದನ್ನು ಕುಟುಂಬದ ಹೊರಗಿನವರಿಗೆ ಉಯಿಲು ಮಾಡುವಂತಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಹಳೆಯ ಲೆಕ್ಕ ತಿರುಗಿತು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಜನ್ಮಸಿದ್ಧ ಹಕ್ಕು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ವಿಸ್ತರಿಸಿತು. 2005ರಲ್ಲಿ ತಂದೆ ಬದುಕಿರದಿದ್ದರೂ ಹಕ್ಕು ಹೋಗದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ‘ಮದುವೆಗೆ ಖರ್ಚು ಮಾಡಿದ್ದೇನೆ, ಮಗಳಿಗೆ ಪಾಲಿಲ್ಲ’ ಎಂಬ ಸಾಲು ತಂದೆಯ ಸ್ವಯಾರ್ಜಿತಕ್ಕೂ ಅವನ ಸ್ವಂತ ಪಾಲಿಗೂ ಮಾತ್ರ ಅನ್ವಯಿಸುತ್ತದೆ. ತಾತನ ಕಾಲದ ಹೊಲದಲ್ಲಿ ಮಗಳಿಗೆ ಬಂದ ಪಾಲನ್ನು ಅದು ಮುಟ್ಟದು.

ತಂದೆ ತೀರಿಕೊಂಡ ಮೇಲೆ ಉಯಿಲು, ಮರಣ ಪ್ರಮಾಣಪತ್ರ ಹಿಡಿದು ಪೌತಿ ಖಾತೆಗೆ ಅರ್ಜಿ. ನೋಟಿಸಿನ ಅವಧಿಯೊಳಗೆ ತಕರಾರು ಬಂದರೆ ತಹಶೀಲ್ದಾರರ ವಿಚಾರಣೆ. ಹಕ್ಕಿನ ಜಗಳವಾದರೆ ಸಿವಿಲ್ ಕೋರ್ಟು. ತಕರಾರಿಲ್ಲದಿದ್ದರೆ ಪಹಣಿಯಲ್ಲಿ ಮಕ್ಕಳ ಹೆಸರು ಏರುತ್ತದೆ. ಆಮೇಲೆ ಸರ್ವೆಯವರು ಪೋಡಿ ಮಾಡಿದಾಗ ಪ್ರತಿ ತುಂಡಿಗೂ ಬೇರೆ ಹಿಸ್ಸಾ ನಂಬರು ಬೀಳುತ್ತದೆ.